ಮನೆಯೊಳಗಿನ ಸಸಿಮಡಿಗೆ ಬೆಳಕಿನ ಲೆಕ್ಕ

ಜುಲೈ ತಿಂಗಳ ಜಡಿಮಳೆಯಲ್ಲಿ ಕಾರವಾರದ ಮನೆಯೊಂದರ ಕಿಟಕಿಯ ಪಕ್ಕ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದರೆ ಸಾವಿರ ದಾಟುವುದೇ ಕಷ್ಟ. ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ಹಿಡಿದರೆ ಅದೇ ಮೀಟರು ಲಕ್ಷ ಮುಟ್ಟುತ್ತದೆ. ನೂರು ಪಟ್ಟು ವ್ಯತ್ಯಾಸ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಕಣ್ಣು ಕತ್ತಲಿಗೆ ಹೊಂದಿಕೊಂಡುಬಿಡುತ್ತದೆ. ಗಿಡಕ್ಕೆ ಆ ಅನುಕೂಲ ಇಲ್ಲ. ಬೀಳುವ ಬೆಳಕಿನಷ್ಟೇ ಅದರ ಊಟ. ಉದ್ದ ಸೂರಿನ ಹೆಂಚಿನ ಮನೆ, ಅದರಲ್ಲೂ ಗಾಳಿಮಳೆ ಬಡಿಯುವ ಬದಿಗೆ ಸೋಗೆ ತಟ್ಟಿ ಕಟ್ಟಿದ್ದರೆ, ಒಳಗೆ ಸಿಗುವುದು ಇನ್ನೂ ಕಡಿಮೆ. ಅಂಥ ಕಿಟಕಿಯಲ್ಲಿಟ್ಟ ಟೊಮೆಟೊ ಸಸಿ ನಾಲ್ಕೇ ದಿನದಲ್ಲಿ ದಾರದಂತೆ ಉದ್ದವಾಗಿ ಗಾಜಿನತ್ತ ಬಾಗಿ ಮಲಗುತ್ತದೆ. ಬೀಜ ಕೆಟ್ಟದ್ದು, ಗೊಬ್ಬರ ಸಾಲಲಿಲ್ಲ ಎಂದು ಜನ ಹುಡುಕುವ ಕಾರಣಗಳೆಲ್ಲ ಆಮೇಲಿನವು.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿತ್ತಿಲಲ್ಲಿ ಸೌತೆ, ಹೀರೆ, ಬೆಂಡೆ ಈ ಮಳೆಯನ್ನು ತಾಳಿಕೊಳ್ಳುತ್ತವೆ. ಕೊತ್ತಂಬರಿ, ಮೆಂತ್ಯ, ಬೀಜದಿಂದ ಆಗಷ್ಟೇ ಎದ್ದ ಬದನೆ, ಮೆಣಸು ತಾಳುವುದಿಲ್ಲ. ಹನಿಯ ಪೆಟ್ಟಿಗೇ ನೆಲಕ್ಕಂಟಿ ಕೊಳೆಯುತ್ತವೆ. ಹಾಗಾಗಿ ಮನೆಯೊಳಗೆ ದೀಪ ಹಾಕಿ ಬೆಳೆಸುವ ಒಂದು ಸಣ್ಣ ಕಪಾಟು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶೋಕಿಯಲ್ಲ, ಮಳೆಗಾಲದ ಉಪಕರಣ. ಆದರೆ ಅದರ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿದೇಶದ ಒಣ ಕೋಣೆಗಳಿಗೆ ಬರೆದಂಥವು. ಟ್ರೇ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ದಿನಕ್ಕೆರಡು ಬಾರಿ ನೀರು ಸಿಂಪಡಿಸಿ, ತೇವ ಹೋಗದಂತೆ ನೋಡಿಕೊಳ್ಳಿ ಎನ್ನುತ್ತವೆ. ಇಲ್ಲಿ ಹಾಗೆ ಮಾಡಿದರೆ ವಾರದೊಳಗೆ ಟ್ರೇ ತುಂಬ ಬೂಸಲು. ನಮಗೆ ಬೇಕಾದದ್ದು ಎರಡು: ಲೆಕ್ಕ ಹಾಕಿದ ಬೆಳಕು, ಓಡಾಡುವ ಗಾಳಿ.

ಮೊದಲು ಬೆಳಕು. ಗಿಡಕ್ಕೆ ಬೇಕಾದ ಬೆಳಕನ್ನು ಅಳೆಯುವುದು ಮೈಕ್ರೋಮೋಲ್‌ನಲ್ಲಿ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿಗೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳ ಎಣಿಕೆ ಅದು. ಪಿಪಿಎಫ್‌ಡಿ ಎನ್ನುವುದು ಇದಕ್ಕೇ. ಸಸಿಗಳಿಗೆ 100ರಿಂದ 200, ಸೊಪ್ಪಿಗೆ 150ರಿಂದ 250, ಕಾಯಿ ಬಿಡುವ ಗಿಡಕ್ಕೆ 400ಕ್ಕೂ ಮೇಲೆ ಬೇಕು. ಇದನ್ನು ಅಳೆಯುವ ಮೀಟರು ದುಬಾರಿ. 6500 ಕೆಲ್ವಿನ್‌ನ (ಬೆಳಕಿನ ಬಣ್ಣ ಹೇಳುವ ಅಳತೆ) ಬಿಳಿ ಎಲ್‌ಇಡಿಯ ಕೆಳಗಾದರೆ ಲಕ್ಸ್ ಸಂಖ್ಯೆಯನ್ನು 70ರಿಂದ ಭಾಗಿಸಿದರೆ ಸಾಕಷ್ಟು ಹತ್ತಿರದ ಉತ್ತರ ಬರುತ್ತದೆ. ಹಗಲಿನ ಬೆಳಕಿಗಾದರೆ ಸುಮಾರು 54ರಿಂದ ಭಾಗಿಸಬೇಕು: ಸಾವಿರ ಲಕ್ಸಿನ ಕಿಟಕಿ ಎಂದರೆ ಹದಿನೆಂಟು ಮೈಕ್ರೋಮೋಲ್, ಅಷ್ಟೇ. ಮೊಬೈಲಿನ ಲಕ್ಸ್ ಆ್ಯಪ್ ಹೇಳುವ ಸಂಖ್ಯೆಯನ್ನು ನಂಬಬೇಡಿ. ಆದರೆ ಕಪಾಟಿನ ನಡುವೆ ಎಷ್ಟು, ಅಂಚಿನಲ್ಲಿ ಎಷ್ಟು ಎಂದು ಹೋಲಿಸಿ ನೋಡಲು ಅದು ಸಾಕು.

ಒಂದು ಕ್ಷಣದ ಬೆಳಕಿಗಿಂತ ಇಡೀ ದಿನದ ಮೊತ್ತ ಮುಖ್ಯ. ಮೈಕ್ರೋಮೋಲ್ ಅನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ದಿನದ ಮೊತ್ತ ಮೋಲ್‌ನಲ್ಲಿ ಸಿಗುತ್ತದೆ. ಸಸಿಗಳಿಗೆ 6ರಿಂದ ಮೇಲೆ, ಸೊಪ್ಪಿಗೆ 10ರಿಂದ ಮೇಲೆ ಇದ್ದರೆ ಚೆನ್ನ. ಕಿಟಕಿಯ ಹದಿನೆಂಟನ್ನು ಹನ್ನೆರಡು ಗಂಟೆಗೆ ಗುಣಿಸಿ ನೋಡಿ: 0.8. ಬೇಕಾದ್ದರ ಏಳೆಂಟನೇ ಒಂದು ಪಾಲು ಸಸಿಗೆ, ಸೊಪ್ಪಿಗೆ ಅದಕ್ಕಿಂತಲೂ ಕಡಿಮೆ. ಈ ಒಂದು ಗುಣಾಕಾರ ಮಾಡಿದವರು ಮತ್ತೆ ಮಳೆಗಾಲದಲ್ಲಿ ಕಿಟಕಿಕಟ್ಟೆಯ ಮೇಲೆ ಸಸಿ ಇಡುವುದಿಲ್ಲ.

ದೀಪ ಯಾವುದು? ಊರಿನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ, 20 ವ್ಯಾಟಿನ, ಬಿಳಿ ಎಲ್‌ಇಡಿ ಟ್ಯೂಬ್ ಪಟ್ಟಿಯೇ ಸಾಕು. ಪೆಟ್ಟಿಗೆಯ ಮೇಲೆ 2000 ಲ್ಯೂಮೆನ್ (ದೀಪ ಕೊಡುವ ಒಟ್ಟು ಬೆಳಕು) ಅಥವಾ ಹೆಚ್ಚು, 6500 ಕೆಲ್ವಿನ್ ಎಂದಿರಲಿ. ಈ ಬಿಳುಪಿನಲ್ಲಿ ನೀಲಿಯ ಪಾಲು ಹೆಚ್ಚು. ನೀಲಿ ಬೆಳಕು ಸಸಿಯನ್ನು ಗಿಡ್ಡ, ದಪ್ಪ ಕಾಂಡದ್ದಾಗಿ ಇಡುತ್ತದೆ. ಆನ್‌ಲೈನಿನಲ್ಲಿ ಮಾರುವ ನೇರಳೆ ಬಣ್ಣದ ದೀಪಗಳಲ್ಲಿ ಕೆಂಪು, ನೀಲಿ ಎಲ್‌ಇಡಿ ಮಾತ್ರ ಇರುತ್ತವೆ. ಅವುಗಳಿಂದಲೂ ಗಿಡ ಬೆಳೆಯುತ್ತದೆ, ಸುಳ್ಳಲ್ಲ. ಆದರೆ ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ಹಳದಿ ತಿರುಗಿದ್ದು, ಚುಕ್ಕೆ ಬಿದ್ದದ್ದು, ನುಸಿ ಕೂತದ್ದು ಯಾವುದೂ ಗೊತ್ತಾಗುವುದಿಲ್ಲ. ರೋಗ ದಿನಕ್ಕೊಂದು ಗೇಣು ಹಬ್ಬುವ ನಮ್ಮ ಹವೆಯಲ್ಲಿ ಇದು ದೊಡ್ಡ ದೋಷ. ಇನ್ನೊಂದು ಎಚ್ಚರ: ಇಂಥ ದೀಪಗಳ ಹೆಸರಿನಲ್ಲಿರುವ ಸಾವಿರ ವ್ಯಾಟ್ ಎಂಬುದು ನಿಜವಾಗಿ ಎಳೆಯುವ ಕರೆಂಟ್ ಅಲ್ಲ. ಹಲವು ದೀಪಗಳು ಅದರ ಹತ್ತನೇ ಒಂದರಷ್ಟೇ ಎಳೆಯುತ್ತವೆ. ಕೊಳ್ಳುವ ಮೊದಲು ನಿಜವಾದ ವ್ಯಾಟ್ ಎಷ್ಟೆಂದು ಕೇಳಿ.

ಕಪಾಟು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ರ‍್ಯಾಕ್ ಆದರೆ ಟ್ಯೂಬಿನ ಉದ್ದಕ್ಕೆ ಸರಿಹೊಂದುತ್ತದೆ. ಒಂದು ಹಲಗೆಯ ಜಾಗ ಸುಮಾರು 0.54 ಚದರ ಮೀಟರ್. ಮೂರು ಟ್ಯೂಬ್ ಹಾಕಿ, ಬೆಳಕಿನ ನೂರಕ್ಕೆ ಎಪ್ಪತ್ತು ಭಾಗ ಎಲೆಯ ಮೇಲೆ ಬಿತ್ತು ಎಂದುಕೊಂಡರೆ 7800 ಲಕ್ಸ್, ಅಂದರೆ 111 ಮೈಕ್ರೋಮೋಲ್. ಹದಿನಾರು ಗಂಟೆ ಉರಿಸಿದರೆ ದಿನಕ್ಕೆ 6.4 ಮೋಲ್. ಸಸಿಗೆ ಸರಿ. ಆರು ಟ್ಯೂಬ್ ಹಾಕಿದರೆ 222 ಮೈಕ್ರೋಮೋಲ್, 12.8 ಮೋಲ್. ಸೊಪ್ಪಿಗೆ ಸರಿ. ಆ ಎಪ್ಪತ್ತು ಭಾಗ ತಾನಾಗಿ ಸಿಗುವುದಲ್ಲ. ಮೂರೂ ಬದಿಗೆ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಬೇಕು, ಮೇಲೆ ಕೆಳಗೆ ಎರಡೆರಡು ಇಂಚು ಗಾಳಿಗೆ ಬಿಡಬೇಕು. ಸುಕ್ಕಾದ ಅಲ್ಯೂಮಿನಿಯಂ ಹಾಳೆಗಿಂತ ಮಾಸದ ಬಿಳಿ ಒಳ್ಳೆಯದು. ಟ್ಯೂಬುಗಳನ್ನು ಸಮ ಅಂತರದಲ್ಲಿ ಹಾಕುವುದಕ್ಕಿಂತ ಹೊರಗಿನ ಎರಡನ್ನು ಅಂಚಿನತ್ತ ಸರಿಸಿದರೆ ಬೆಳಕು ಹೆಚ್ಚು ಸಮನಾಗುತ್ತದೆ. ಆದರೂ ತುದಿಗಳಲ್ಲಿ ಕಡಿಮೆಯೇ. ಎರಡು ಮೂರು ದಿನಕ್ಕೊಮ್ಮೆ ಟ್ರೇಗಳನ್ನು ಅದಲುಬದಲು ಮಾಡಿ.

ಎತ್ತರ: ಸಸಿಗಳ ತುದಿಯಿಂದ ಟ್ಯೂಬಿಗೆ 15ರಿಂದ 20 ಸೆಂಟಿಮೀಟರ್, ಸೊಪ್ಪಿಗೆ 25ರಿಂದ 30. ಗುಂಡು ಬಲ್ಬಿನಲ್ಲಿ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸಾಲಾಗಿ ಹಾಕಿದ ಟ್ಯೂಬುಗಳ ಕೆಳಗೆ ಅಷ್ಟು ಜೋರಾಗಿ ಇಳಿಯುವುದಿಲ್ಲ. ಹಾಗೆಂದು ಎತ್ತರದಲ್ಲಿ ಕಟ್ಟಿ ಮರೆತುಬಿಡುವಂತಿಲ್ಲ. ಸಣ್ಣ ಸರಪಳಿಗೆ ಎಸ್ ಕೊಕ್ಕೆ ಹಾಕಿ ತೂಗಿಸಿದರೆ ಗಿಡ ಬೆಳೆದಂತೆ ಒಂದೊಂದೇ ಕೊಂಡಿ ಏರಿಸಬಹುದು.

ಚೌಕಟ್ಟಿನ ವಿಷಯದಲ್ಲಿ ಕರಾವಳಿಗೂ ಘಟ್ಟದ ಮೇಲಿಗೂ ಬೇರೆ ಬೇರೆ ಉತ್ತರ. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಸಾದಾ ಪೇಂಟಿನ ಕಬ್ಬಿಣದ ರ‍್ಯಾಕ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟಿನ ತೂತುಗಳಿಂದ ತುಕ್ಕು ಬಿಡುತ್ತದೆ. ಪೌಡರ್ ಕೋಟಿಂಗ್ ಇರುವುದನ್ನೇ ಕೊಳ್ಳಿ, ನಟ್ಟು ಬೋಲ್ಟು ಸ್ಟೇನ್‌ಲೆಸ್ ಇರಲಿ, ಟ್ಯೂಬ್ ಪಟ್ಟಿ ಧೂಳು, ನೀರು ಒಳಹೋಗದ ಐಪಿ65 ದರ್ಜೆಯದ್ದಾಗಿರಲಿ. ಸಿರಸಿ ಕಡೆ ಉಪ್ಪಿನ ಕಾಟವಿಲ್ಲ. ಅಡಿಕೆ ದಬ್ಬೆ ಕೈಗೆ ಸಿಗುವುದರಿಂದ ಅದರಲ್ಲೇ ಕಪಾಟು ಕಟ್ಟುವ ಆಸೆ ಸಹಜ. ಕಂಬಕ್ಕೆ ಆದೀತು, ಟ್ರೇ ಕೂರುವ ಹಲಗೆಗೆ ಬೇಡ. ನೀರು ತಾಗಿದ ದಬ್ಬೆಗೆ ಆಷಾಢದಲ್ಲಿ ಬೂಸಲು ಹಿಡಿಯುವುದು ಖಂಡಿತ, ಅಲ್ಲಿಂದ ಅದು ಟ್ರೇಗೆ ಹತ್ತುತ್ತದೆ.

ಕಪಾಟನ್ನು ಎಲ್ಲಿ ಇಡಬಾರದು ಎಂಬುದಕ್ಕೂ ಒಂದು ಮಾತು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಮನೆಯಲ್ಲೇ ಅತ್ಯಂತ ಒಣ ಜಾಗ, ನಿಜ. ಆದರೆ ಕಟ್ಟಿಗೆಯ ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಹಣ್ಣಾಗಲು ತೂಗುಹಾಕಿದ ಬಾಳೆಗೊನೆಯಿಂದಲೂ ಅದೇ ಅನಿಲ ಬರುತ್ತದೆ. ಟೊಮೆಟೊ ಸಸಿ ಇದಕ್ಕೆ ಬಹಳ ಸೂಕ್ಷ್ಮ: ಎಲೆ ಹಸಿರಾಗಿಯೇ ಇರುತ್ತದೆ, ಮಣ್ಣಿನಲ್ಲಿ ನೀರೂ ಇರುತ್ತದೆ, ಆದರೂ ತೊಟ್ಟುಗಳು ಕೆಳಕ್ಕೆ ಬಾಗಿ ಗಿಡ ಜೋತುಬಿದ್ದಂತೆ ಕಾಣುತ್ತದೆ. ಬಾಡಿದೆ ಎಂದು ಇನ್ನಷ್ಟು ನೀರು ಹಾಕಿದರೆ ಬೇರು ಕೊಳೆಯುತ್ತದೆ. ಗೊನೆ ಮತ್ತು ಸಸಿ ಬೇರೆ ಬೇರೆ ಕೋಣೆಯಲ್ಲಿರಲಿ.

ಇನ್ನು ತೇವ. ಈ ಇಡೀ ವಿಷಯದಲ್ಲಿ ಹೆಚ್ಚು ಯೋಚನೆ ಬೇಡುವುದು ಇದೇ. ಮಳೆ ಹಿಡಿದ ದಿನ ಮನೆಯೊಳಗಿನ ಆರ್ದ್ರತೆ ನೂರಕ್ಕೆ ತೊಂಬತ್ತರ ಮೇಲೆ. ಎಲೆಯ ಸುತ್ತ ಗಾಳಿ ನಿಂತಿದ್ದರೆ ಎಲೆಯಿಂದ ನೀರು ಆರುವುದಿಲ್ಲ. ನೀರು ಆರದಿದ್ದರೆ ಬೇರು ಹೊಸ ನೀರು ಎಳೆಯುವುದಿಲ್ಲ, ನೀರಿನ ಜೊತೆ ಏರಬೇಕಾದ ಸುಣ್ಣಾಂಶ ಎಳೆ ಎಲೆಗೆ ತಲುಪುವುದಿಲ್ಲ. ಲೆಟ್ಯೂಸಿನ ಎಳೆ ಎಲೆಗಳ ಅಂಚು ಸುಟ್ಟಂತಾಗುವುದು ಇದರಿಂದ. ಟೊಮೆಟೊ ಎಲೆಯ ಅಡಿಯಲ್ಲಿ ಸಣ್ಣ ನೀರುಗುಳ್ಳೆ ಏಳುವುದೂ ಇಂಥ ಹವೆಯಲ್ಲೇ, ಅದು ರೋಗವಲ್ಲ. ನಿಜವಾದ ರೋಗ ಪಿಥಿಯಂನಂಥ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯದ್ದು: ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ಚಿವುಟಿದಂತೆ ತೆಳ್ಳಗಾಗಿ ಬಿದ್ದಿರುತ್ತದೆ. ಬಿದ್ದದ್ದನ್ನು ಏಳಿಸಲು ಔಷಧ ಇಲ್ಲ. ಬೀಳದಂತೆ ನೋಡಿಕೊಳ್ಳುವುದೊಂದೇ ದಾರಿ.

ಅದಕ್ಕೆ ಮೊದಲ ಸಾಧನ ಫ್ಯಾನ್. ಕಂಪ್ಯೂಟರಿಗೆ ಹಾಕುವ 120 ಮಿಲಿಮೀಟರಿನ, 12 ವೋಲ್ಟಿನ ಫ್ಯಾನ್ ಒಂದು ಹಲಗೆಗೆ ಒಂದು. ಎಳೆಯುವುದು ಎರಡು ಮೂರು ವ್ಯಾಟ್ ಮಾತ್ರ. ಸಸಿಯ ಮೇಲೆ ನೇರ ಬಡಿಯಬಾರದು, ಬದಿಯಿಂದ ಬೀಸಿ ಎಲೆ ಸ್ವಲ್ಪ ನಡುಗಿದರೆ ಸಾಕು. ಹಗಲು ರಾತ್ರಿ ತಿರುಗಲಿ. ಹೀಗೆ ನಡುಗಿದ ಕಾಂಡ ಗಟ್ಟಿಯಾಗಿಯೂ ಬೆಳೆಯುತ್ತದೆ.

ಎರಡನೆಯದು ದೀಪದ ಶಾಖ. 26 ಡಿಗ್ರಿಯಲ್ಲಿ 92 ಇರುವ ಆರ್ದ್ರತೆ, ಗಾಳಿ 28 ಡಿಗ್ರಿಗೆ ಬೆಚ್ಚಗಾದರೆ 82ಕ್ಕೆ ಇಳಿಯುತ್ತದೆ. ಟ್ಯೂಬುಗಳು ಕೊಡುವ ಶಾಖ ಈ ಎರಡು ಡಿಗ್ರಿಗೆ ಸಾಕು. ಆದ್ದರಿಂದ ದೀಪ ಯಾವಾಗ ಉರಿಯಬೇಕು ಎಂಬುದಕ್ಕೂ ಅರ್ಥವಿದೆ. ಹೊರಗೆ ಅತ್ಯಂತ ತಂಪು, ಅತ್ಯಂತ ತೇವ ಇರುವುದು ನಸುಕಿಗೆ ಮುಂಚೆ. ಬೆಳಗಿನ ಜಾವ 3 ಗಂಟೆಗೆ ಹತ್ತಿ ಸಂಜೆ 7ಕ್ಕೆ ಆರುವಂತೆ ಟೈಮರ್ ಇಟ್ಟರೆ ಆ ಕೆಟ್ಟ ಹೊತ್ತು ಬೆಚ್ಚಗೆ ಕಳೆಯುತ್ತದೆ, ಗಿಡಕ್ಕೆ ಎಂಟು ಗಂಟೆ ಕತ್ತಲೂ ಸಿಗುತ್ತದೆ. ಟೊಮೆಟೊಗೆ ಆ ಕತ್ತಲು ಬೇಕೇ ಬೇಕು. ಇಪ್ಪತ್ನಾಲ್ಕು ಗಂಟೆ ಬೆಳಕಿಟ್ಟರೆ ಎಲೆ ಹಳದಿಯಾಗುತ್ತದೆ.

ಮೂರನೆಯದು ನೀರು ಹಾಕುವ ರೀತಿ. ಮೇಲಿಂದ ಸಿಂಪಡಿಸಬೇಡಿ. ಟ್ರೇಯನ್ನು ಅರ್ಧ ಇಂಚು ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ತೆಗೆದು, ಸೋರಲು ಬಿಡಿ. ಅದೂ ಬೆಳಿಗ್ಗೆ ಮಾತ್ರ. ಮತ್ತೆ ಯಾವಾಗ ಎಂಬುದನ್ನು ದಿನ ಎಣಿಸಿ ತೀರ್ಮಾನಿಸಬಾರದು, ಟ್ರೇ ಎತ್ತಿ ಭಾರ ನೋಡಬೇಕು. ಜುಲೈಯಲ್ಲಿ ಎರಡು ಮೂರು ದಿನ ನೀರೇ ಬೇಡವಾಗುವುದುಂಟು. ಕಪಾಟಿನ ಸಸಿಗಳು ಸಾಯುವುದು ಬಾಯಾರಿ ಅಲ್ಲ, ಪ್ರೀತಿಯಿಂದ ಹಾಕಿದ ಹೆಚ್ಚಿನ ನೀರಿಗೆ. ಸದಾ ಒದ್ದೆಯಿದ್ದರೆ ಮೇಲ್ಮೈಗೆ ಹಸಿರು ಪಾಚಿ ಬರುತ್ತದೆ, ಹಿಂದೆಯೇ ಕಪ್ಪು ಸಣ್ಣ ನೊಣ. ಅದರ ಹುಳ ಎಳೆ ಬೇರು ತಿನ್ನುತ್ತದೆ. ಹಳದಿ ಅಂಟುಹಾಳೆ ನೊಣ ಹಿಡಿಯುತ್ತದೆ, ಆದರೆ ಮೇಲಿನ ಪದರ ಒಣಗಲು ಬಿಡುವುದೇ ಮೂಲ ಪರಿಹಾರ.

ಮಣ್ಣಿನ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಉಮಿಕರಿ ಒಂದು ಪಾಲು. ಹಿತ್ತಿಲಿನ ಮಣ್ಣು ಬೇಡ. ಬದನೆ, ಟೊಮೆಟೊಗಳನ್ನು ನಿಂತಲ್ಲೇ ಸೊರಗಿಸುವ ದುಂಡಾಣು ನಮ್ಮ ಹುಳಿ ಮಣ್ಣಿನಲ್ಲಿ ಸಾಮಾನ್ಯ, ಅದನ್ನು ನಾವೇ ಟ್ರೇಗೆ ಕರೆತಂದಂತೆ. ಕೋಕೋಪೀಟಿನ 5 ಕಿಲೋ ಇಟ್ಟಿಗೆ ನೆನೆಸಿದರೆ 60 ಲೀಟರಿಗೂ ಮೇಲೆ ಉಬ್ಬುತ್ತದೆ, ಒಂದು ಮನೆಗೆ ಎರಡು ವರ್ಷಕ್ಕಾದೀತು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿರುವುದರಿಂದ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ. ತೊಳೆಯದಿದ್ದರೆ ಮೊಳಕೆಯ ತುದಿ ಕಂದಾಗಿ ನಿಂತುಬಿಡುತ್ತದೆ. ಮಳೆಗಾಲದ ಬಾವಿ ನೀರು ಇದಕ್ಕೆ ಚೆನ್ನ. ಉಪ್ಪುನೀರು ಹೊಕ್ಕುವ ಗಜನಿ ಗದ್ದೆಗಳ ಅಂಚಿನ ಬಾವಿಯಾದರೆ ಬೇಸಿಗೆಯಲ್ಲಿ ಉಪ್ಪೇರಿರುತ್ತದೆ, ಆಗ ಈ ಕೆಲಸ ಬೇಡ. ತುಂಬುವ ಮುಂಚೆ ಒಂದು ಕಿಲೋ ಮಿಶ್ರಣಕ್ಕೆ ಒಂದು ಚಮಚೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಕಲಸಿ. ಮೊದಲ ನಿಜವಾದ ಎಲೆ ಬಂದ ಮೇಲೆ ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರ, ಲೀಟರಿಗೆ ಒಂದು ಗ್ರಾಮಿಗಿಂತ ಹೆಚ್ಚಿಲ್ಲದಂತೆ.

ಕರೆಂಟಿನ ವಿಷಯ. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಸಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಳೆಗಾಲದ ನಿತ್ಯದ ಮಾತು. ಮುಳ್ಳು ತಿರುಗಿಸುವ ಯಾಂತ್ರಿಕ ಟೈಮರ್ ಕರೆಂಟ್ ಹೋದಾಗ ನಿಲ್ಲುತ್ತದೆ. ನಾಲ್ಕು ಗಂಟೆ ಕರೆಂಟ್ ಇಲ್ಲದಿದ್ದರೆ ನಾಲ್ಕು ಗಂಟೆ ಹಿಂದೆ ಬೀಳುತ್ತದೆ, ವಾರದಲ್ಲಿ ಹಗಲು ರಾತ್ರಿ ತಿರುವುಮುರುವು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ದೀಪಗಳನ್ನು ಇನ್ವರ್ಟರಿಗೆ ಹಾಕುವ ಅಗತ್ಯ ಇಲ್ಲ: ಒಂದು ದಿನ ಬೆಳಕು ಕಡಿಮೆಯಾದರೆ ಗಿಡ ಸಹಿಸುತ್ತದೆ. ಗಾಳಿ ನಿಂತರೆ ಸಹಿಸುವುದಿಲ್ಲ. ಫ್ಯಾನಿಗೆ ಮಾತ್ರ, ವೈಫೈ ರೂಟರಿಗೆ ಬಳಸುವ 12 ವೋಲ್ಟಿನ ಸಣ್ಣ ಯುಪಿಎಸ್ ಕೊಡಿ. ಗಂಟೆಗಟ್ಟಲೆ ಓಡುತ್ತದೆ.

ನೀರು, ಕರೆಂಟು ಒಟ್ಟಿಗಿರುವ ಜಾಗ ಇದು. ಸಾಕೆಟ್ಟು, ಟೈಮರು, ಅಡಾಪ್ಟರು ಎಲ್ಲವೂ ಟ್ರೇಗಳಿಗಿಂತ ಎತ್ತರದಲ್ಲಿರಲಿ. ವೈರು ಸಾಕೆಟ್ಟಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಇಳಿದು ಮೇಲೇರಲಿ, ಜಾರಿ ಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದರಲ್ಲಿ ಉಳಿತಾಯ ಮಾಡಬಾರದು. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ.

ಖರ್ಚು ನೋಡಿದರೆ ಈ ಕಪಾಟಿನಲ್ಲಿ ಏನು ಬೆಳೆಯಬೇಕು ಎಂಬುದಕ್ಕೆ ಉತ್ತರ ಸಿಗುತ್ತದೆ. ಕೊತ್ತಂಬರಿಗೆ ಆರು ಟ್ಯೂಬ್, ಹನ್ನೆರಡು ಗಂಟೆ, 35 ದಿನ: 50 ಯೂನಿಟ್. ಬರುವುದು ಕೆಲವು ಕಟ್ಟು ಸೊಪ್ಪು. ಸಸಿಗೆ ಮೂರು ಟ್ಯೂಬ್, ಹದಿನಾರು ಗಂಟೆ, 30 ದಿನ: 29 ಯೂನಿಟ್. ಅಷ್ಟರಲ್ಲಿ 98 ಕುಳಿಗಳ ಎರಡು ಟ್ರೇ, ಅಂದರೆ 196 ಸಸಿ. ಗೃಹಜ್ಯೋತಿಯ ಮನೆಗಳಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪವಷ್ಟೇ ಹೆಚ್ಚುವರಿ ಉಚಿತ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಇದನ್ನೂ ಮೊದಲೇ ನೋಡಿಕೊಳ್ಳಿ. ನನ್ನ ಅಭಿಪ್ರಾಯ ಸ್ಪಷ್ಟ: ಈ ಜಿಲ್ಲೆಯಲ್ಲಿ ದೀಪದ ಕಪಾಟು ಮೊದಲು ಸಸಿಮಡಿ, ಆಮೇಲೆ ಸೊಪ್ಪಿನ ಮಡಿ. ಹೊರಗೆ ಸುರಿಯುತ್ತಿರುವಾಗಲೇ ಒಳಗೆ ಸಸಿ ಸಿದ್ಧವಾಗಿದ್ದರೆ, ಮಳೆ ಹಿಂದೆ ಸರಿದ ವಾರವೇ ನೆಲದ ಹಸಿ ಇರುವಾಗ ನೆಡಬಹುದು. ಅಂಗಳದಲ್ಲಿ ಆಗ ಬೀಜ ಹಾಕುವವರಿಗಿಂತ ಒಂದು ತಿಂಗಳು ಮುಂದೆ.

ಅಕ್ಟೋಬರ್ ಮೊದಲ ವಾರ ನೆಡುವುದಾದರೆ ಹಿಂದಕ್ಕೆ ಎಣಿಸಿ: ಮೆಣಸು ಆಗಸ್ಟ್ 20ರ ಸುಮಾರಿಗೆ, ಬದನೆ 25ಕ್ಕೆ, ಟೊಮೆಟೊ ಸೆಪ್ಟೆಂಬರ್ 1ಕ್ಕೆ ಬಿತ್ತಬೇಕು. ಟೊಮೆಟೊದಲ್ಲಿ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಸೊರಗು ರೋಗ ತಡೆಯುವ ಗುಣ ಇದೆ. ಮೆಣಸಿನ ಬೀಜ ಮೊಳೆಯಲು 26ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಸಿರಸಿಯ ತಂಪಿನಲ್ಲಿ ಮೊಳಕೆ ಬರುವ ತನಕ ಟ್ರೇಯನ್ನು ಮೇಲಿನ ಹಲಗೆಯಲ್ಲಿ, ಕೆಳಗಿನ ಟ್ಯೂಬುಗಳ ಬಿಸಿ ತಾಗುವಲ್ಲಿ ಇಡಿ. ಮೊಳಕೆ ತಲೆಯೆತ್ತಿದ ದಿನವೇ ದೀಪದ ಕೆಳಗೆ ಬರಬೇಕು. ಒಂದು ದಿನ ತಡವಾದರೂ ಕಾಂಡ ಉದ್ದವಾಗುತ್ತದೆ, ಮತ್ತೆ ಗಿಡ್ಡವಾಗುವುದಿಲ್ಲ.

ಸೊಪ್ಪು ಬೇಕೇ ಬೇಕೆನ್ನುವವರಿಗೆ: ಕೊತ್ತಂಬರಿಗೆ ಹಗಲು ಉದ್ದವಾದರೆ ಬೇಗ ಹೂ ಬರುತ್ತದೆ, ಅದಕ್ಕೇ ಹನ್ನೆರಡು ಗಂಟೆ ಸಾಕೆಂದದ್ದು. ಹರಿವೆಗೆ ಇದರ ತಿರುವುಮುರುವು: ಹಗಲು ಗಿಡ್ಡವಾದರೆ ಹೂ, ಬೆಳಕು ಕಡಿಮೆಯಾದರೆ ಬಡಕಲು ದಂಟು. ಅದಕ್ಕೆ ಹದಿನಾರು ಗಂಟೆ, ಆರು ಟ್ಯೂಬ್. ಎರಡನ್ನೂ ಒಂದೇ ಹಲಗೆಯಲ್ಲಿ ಬೆಳೆಯಲಾಗದು. ಮೆಂತ್ಯ ಸುಲಭ, 25 ದಿನಕ್ಕೆ ಕೀಳಬಹುದು. ತಂಬುಳಿಗೆ ಒಂದೆಲಗ ಮೂರು ಟ್ಯೂಬಿನ ಹಲಗೆಯಲ್ಲೂ ಬರುತ್ತದೆ. ಬಸಳೆಗೆ ಚಪ್ಪರವೇ ಸರಿ, ಕಪಾಟಿಗೆ ತರಬೇಡಿ. ಮೈಕ್ರೋಗ್ರೀನ್ಸ್ (ಮೊಳೆತ ಕೆಲವೇ ದಿನಕ್ಕೆ ಕತ್ತರಿಸುವ ಎಳೆ ಸೊಪ್ಪು) ಬೆಳೆಯುವುದಾದರೆ ಸಾಮಾನ್ಯವಾಗಿ ಹೇಳುವುದಕ್ಕಿಂತ ಕಾಲುಭಾಗ ಬೀಜ ಕಡಿಮೆ ಹಾಕಿ. ಬೇರಿನ ಸುತ್ತ ಬಿಳಿ ನವಿರು ಎಳೆ ಕಂಡರೆ ಸ್ವಲ್ಪ ನೀರು ತಾಗಿಸಿ ನೋಡಿ: ಮಾಯವಾದರೆ ಅದು ಬೇರಿನ ರೋಮ, ಉಳಿದರೆ ಬೂಸಲು.

ಸಸಿಯನ್ನು ಹೊರಗೆ ಒಯ್ಯುವಾಗ ಅವಸರ ಬೇಡ. ನೂರು ಚಿಲ್ಲರೆ ಮೈಕ್ರೋಮೋಲಿನಲ್ಲಿ ಬೆಳೆದ ಎಲೆಗೆ ಮಳೆ ಬಿಟ್ಟ ಮೇಲಿನ ಬಿಸಿಲು ಅದರ ಹತ್ತಿಪ್ಪತ್ತು ಪಟ್ಟು. ಒಂದೇ ದಿನ ಪೂರ್ತಿ ಬಿಸಿಲಿಗಿಟ್ಟರೆ ಎಲೆ ಬಿಳಿಚಿ ಕಾಗದದಂತಾಗುತ್ತದೆ. ಮೊದಲ ಮೂರು ದಿನ ಜಗಲಿಯ ಅಂಚು ಅಥವಾ ಅಡಿಕೆ ತೋಟದ ಬದಿ, ಮುಂದಿನ ಮೂರು ದಿನ ಬೆಳಗಿನ ಎರಡು ಗಂಟೆಯ ಎಳೆಬಿಸಿಲು, ಆಮೇಲೆ ಅರ್ಧ ದಿನ. ಹತ್ತು ದಿನಕ್ಕೆ ನೆಡಲು ಸಿದ್ಧ, ನೆಡುವುದು ಸಂಜೆ ಹೊತ್ತಿಗೆ.

ಕಪಾಟು ಖಾಲಿಯಾದ ಮೇಲೆ ಟ್ಯೂಬುಗಳನ್ನು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ. ಕರಾವಳಿಯಲ್ಲಿ ಅವುಗಳ ಮೇಲೆ ಕೂರುವ ಉಪ್ಪು ಧೂಳಿನ ಪೊರೆ ಬೆಳಕನ್ನೂ ತಿನ್ನುತ್ತದೆ, ತುದಿಯ ಪಿನ್ನುಗಳನ್ನೂ ತಿನ್ನುತ್ತದೆ. ಟ್ರೇಗಳನ್ನು ಸಾಬೂನು ಹಾಕಿ ಉಜ್ಜಿ ಎರಡು ದಿನ ಬಿಸಿಲಿಗೆ ಬೋರಲು ಹಾಕಿ. ಬಳಸಿದ ಕೋಕೋಪೀಟನ್ನು ಮತ್ತೆ ಸಸಿಗೆ ಬಳಸಬೇಡಿ, ತೆಂಗಿನ ಬುಡಕ್ಕೆ ಹಾಕಿ.